ಎಲ್ಲ ಕೀಲಿಗೂ ಒಂದೇ ಗುಟ್ಟು

ನಮ್ಮ ಅಪಾರ್ಟ್‌ಮೆಂಟಿನ ಅಧ್ಯಕ್ಷರ ಮನೆಯಲ್ಲಿ ಹಾಲು ಉಕ್ಕಿ, ಬತ್ತಿ, ಸೀದು, ಪಾತ್ರೆಯ ತಳ ಕರಿಯಾಗುತ್ತಿದ್ದ ಹೊತ್ತಿನಲ್ಲಿ ಅವರ ಹೆಂಡತಿ, ನಮಗೆಲ್ಲ ಕಾಕೂ, ತಮ್ಮದೇ ಬಾಗಿಲಿನ ಹೊರಗೆ ನಿಂತು ಕೀಲಿ ಕಂಪನಿಯ ಸಹಾಯವಾಣಿಯ ಸಂಗೀತ ಕೇಳುತ್ತಿದ್ದರು. ಫೋನು ನನ್ನದು. ಕೊತ್ತಂಬರಿ ಕೊಳ್ಳಲೆಂದು ಅವರು ಹೊರಗೆ ಕಾಲಿಟ್ಟೊಡನೆ ಬಾಗಿಲು ತಾನಾಗಿ ಮುಚ್ಚಿ, ಕೀಲಿ ತಾನಾಗಿ ಬಿದ್ದಿತ್ತು. ಆ ಕೀಲಿಯ ಹೆಚ್ಚುಗಾರಿಕೆಯೇ ಅದು. ಅದಕ್ಕೆ ಚಾವಿ ಇಲ್ಲ. ಬೆರಳಿಟ್ಟರೆ ತೆರೆಯುತ್ತದೆ, ಇಲ್ಲವೇ ಮೇಲಿರುವ ಗುಂಡಿಗಳಲ್ಲಿ ಮನೆಯವರ ಗುಟ್ಟಿನ ಅಂಕಿ ಒತ್ತಿದರೆ ತೆರೆಯುತ್ತದೆ. ಕಾಕೂ ಅವರ ಬೆರಳನ್ನು ಅದು ಗುರುತಿಸುತ್ತಿರಲಿಲ್ಲ. ಜೀವಮಾನವೆಲ್ಲ ಪಾತ್ರೆ ತಿಕ್ಕಿದ ಬೆರಳು, ಗೆರೆಗಳು ಎಲ್ಲಿ ಉಳಿದಾವು? ಇನ್ನು ಅಂಕಿಯೋ, ಅಧ್ಯಕ್ಷರಿಗೆ ಮಾತ್ರ ಗೊತ್ತು. "ಹೆಂಗಸರ ಬಾಯಾಗ ಗುಟ್ಟು ನಿಲ್ಲೂದಿಲ್ಲ" ಎಂದು ಅವರು ಹೆಂಡತಿಗೂ ಹೇಳಿರಲಿಲ್ಲ. ಅಧ್ಯಕ್ಷರು ಧಾರವಾಡದಲ್ಲಿ ನಿವೃತ್ತ ನೌಕರರ ಸಭೆಯಲ್ಲಿ ಫೋನು ಬಂದ್ ಮಾಡಿ ಕುಳಿತಿದ್ದರು.

"ಏನಂತಾರ ಕಾಕೂ, ಕಂಪನಿಯವರು?" ಎಂದೆ.

"ನನ್ನ ಕರೆ ಭಾಳ ಮಹತ್ವದ್ದು ಅಂತವ್ವಾ. ಹಂಗ ಅಂದು ಮತ್ತ ಪೀಪಿ ಊದಾಕತ್ತಾರ."

ಬಾಗಿಲ ಸಂದಿಯಿಂದ ಸೀದ ವಾಸನೆ ಬರತೊಡಗಿತು. ಆಗ ನೆನಪಾದದ್ದು ಭಾಯಿ. ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಏಣಿ ಹಾಕಿಕೊಂಡು ಕ್ಯಾಮರಾ ರಿಪೇರಿ ಮಾಡುತ್ತಿದ್ದ. ನಾನು ಮೆಟ್ಟಿಲಿಂದಲೇ ಕೂಗಿದೆ. ಓಡಿ ಬಂದವನು ಬಾಗಿಲನ್ನೂ ಕಾಕೂ ಮುಖವನ್ನೂ ನೋಡಿದ. ಒಂದು ಕ್ಷಣ ತಡೆದು, ನಮಗೆ ಬೆನ್ನು ಹಾಕಿ ನಿಂತು, ಏನೋ ಒತ್ತಿದ. ಕೀಲಿ ಗುಬ್ಬಿಯಂತೆ ಚಿಲಿಪಿಲಿಗುಟ್ಟಿ, ತನ್ನೊಳಗಿನ ಹೆಣ್ಣುದನಿಯಲ್ಲಿ "ವೆಲ್‌ಕಮ್ ಹೋಮ್" ಎಂದಿತು. ಭಾಯಿ ಒಳಗೆ ನುಗ್ಗಿ ಗ್ಯಾಸ್ ಆರಿಸಿದ.

"ದೇವರು ಬಂದಂಗ ಬಂದ್ಯೋ ಯಪ್ಪಾ" ಎಂದು ಕಾಕೂ ಅವನ ಕೈಗೆ ಶೇಂಗಾದ ಉಂಡಿ ಹಾಕಿದರು. ಅಕ್ಕಪಕ್ಕದವರು ಸೇರಿದರು, ಹೊಗಳಿದರು. ಭಾಯಿ ಉಂಡಿ ತಿನ್ನಲಿಲ್ಲ. ನನ್ನ ಕಡೆ ನೋಡಿ, "ಅಕ್ಕಾರ, ಒಂದ ಕಪ್ ಚಾ ಸಿಗತೈತೇನ್ರಿ ನಿಮ್ಮನ್ಯಾಗ?" ಎಂದ. ಚಹಾ ಕೇಳುವ ಮುಖವಲ್ಲ ಅದು.

ಭಾಯಿಯ ಪರಿಚಯ ಹೇಳಿಬಿಡುತ್ತೇನೆ. ಕಮರಿಪೇಟೆಯವನು. ಅವನ ಅಜ್ಜ ಟ್ರಂಕು ಪೆಟ್ಟಿಗೆಗಳ ಕೀಲಿ ರಿಪೇರಿ ಮಾಡುತ್ತಿದ್ದ, ಅಪ್ಪ ಅಂಗಡಿಗಳ ಶಟರು ಕೂಡಿಸುತ್ತಿದ್ದ, ಇವನು ಕ್ಯಾಮರಾ ಮತ್ತು ಈ ಚಾವಿಯಿಲ್ಲದ ಕೀಲಿಗಳ ವ್ಯಾಪಾರಕ್ಕೆ ಇಳಿದಿದ್ದ. ನಾನು ಕಂಪ್ಯೂಟರ್ ವಿಜ್ಞಾನ ಕಲಿಸುವ ಕಾಲೇಜಿನ ಲ್ಯಾಬಿಗೆ ಕ್ಯಾಮರಾ ಹಾಕಿದವನು ಅವನೇ. ಜಾಣ, ಮಾತುಗಾರ, ಲಾಭ ಬಿಡದವನು. ಗಬ್ಬೂರಿನ ಕಡೆ ಬೈಪಾಸಿನ ಹತ್ತಿರ ನಮ್ಮ ಅಪಾರ್ಟ್‌ಮೆಂಟು ಎದ್ದಾಗ, ಊರಾಚೆ ಆಯಿತು, ಕಳ್ಳರ ಭಯ ಎಂದು ಎಲ್ಲರೂ ಗೊಣಗುತ್ತಿದ್ದರು. ಆಗ ಈ ಕೀಲಿಯನ್ನು ತಂದು ತೋರಿಸಿದವನೂ ಅವನೇ. ಹುಬ್ಬಳ್ಳಿಗೆ ಆ ಕಂಪನಿಯ ಏಜೆಂಟು ಅವನು.

ಎಲ್ಲ ಮನೆಗೂ ಒಟ್ಟಿಗೆ ಕೂಡಿಸಿದ ದಿನ ಸಮಾರಂಭವೇ ಆಗಿತ್ತು. ಅಧ್ಯಕ್ಷರು ತೆಂಗಿನಕಾಯಿ ಒಡೆದರು. ಒಬ್ಬರು ಕೀಲಿಗೆ ಹಚ್ಚಿದ ಕುಂಕುಮ ಗುಂಡಿಯೊಳಗೆ ಇಳಿದು, ಆ ಕೀಲಿ ಅಂದೇ ಕೆಟ್ಟಿತು. ಕಂಪನಿಯ ಡಬ್ಬಿಯ ಮೇಲೆ "ಸೇನಾ ದರ್ಜೆಯ ಭದ್ರತೆ" ಎಂದು ಅಚ್ಚಾಗಿತ್ತು. ಯಾವ ದೇಶದ ಸೇನೆ ಎಂದು ಬರೆದಿರಲಿಲ್ಲ. "ಇನ್ನ ಮ್ಯಾಲೆ ಹುಬ್ಬಳ್ಳಿ ಕಳ್ಳರು ಉಪವಾಸ ಸಾಯಬೇಕು" ಎಂದು ಅಧ್ಯಕ್ಷರು ಭಾಷಣ ಮಾಡಿದಾಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಮಕ್ಕಳಿಗೆ ಭದ್ರತೆಯ ಪಾಠ ಹೇಳುವವಳು ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರೆ ಉಳಿದವರಿಗೆ ಧೈರ್ಯ ಬರುವುದು ಸಹಜವೇ.

ಚಹಾ ಮುಂದಿಟ್ಟುಕೊಂಡು ಭಾಯಿ ಹೇಳಿದ: "ಅಕ್ಕಾರ, ನಾ ಒತ್ತಿದ್ದು ಸಾಹೇಬ್ರ ನಂಬರ್ ಅಲ್ರಿ. ಅವರ ನಂಬರ್ ನನಗ ಗೊತ್ತಿಲ್ಲ."

"ಮತ್ತ?"

"ಇದೊಂದ ನಂಬರ್ ಒತ್ತಿದ್ರ ಯಾರ ಬಾಗಲಾನೂ ತಗೀತೈತಿ. ಅವರದೂ, ನಿಮ್ದೂ, ಈ ಕಂಪನಿ ಕೀಲಿ ಇದ್ದವರ ಎಲ್ಲಾರದೂ."

ಅವನ ಫೋನಿನಲ್ಲಿ ಒಂದು ವಾಯ್ಸ್ ಮೆಸೇಜ್ ಇತ್ತು. ಕೀಲಿ ಕೂಡಿಸುವವರದೇ ಒಂದು ವಾಟ್ಸಾಪ್ ಗುಂಪು, ಅದರಲ್ಲಿ ಉತ್ತರ ಕರ್ನಾಟಕದ ಫಿಟ್ಟರುಗಳೆಲ್ಲ ಇದ್ದಾರೆ. ಮಾತನಾಡಿದವನು ಕಂಪನಿಯದೇ ಸರ್ವಿಸ್ ನೌಕರ. ಅರ್ಧ ಹಿಂದಿ, ಅರ್ಧ ಕನ್ನಡ. ಗ್ರಾಹಕರು ಹೊರಗೆ ಸಿಕ್ಕಿಬಿದ್ದು ಒದ್ದಾಡುತ್ತಾರೆ, ಕಂಪನಿಯವರು ಫೋನು ಎತ್ತುವುದಿಲ್ಲ, ಮುದುಕರು ಮಕ್ಕಳು ಬಿಸಿಲಲ್ಲಿ ನಿಲ್ಲುತ್ತಾರೆ. ಫ್ಯಾಕ್ಟರಿಯಲ್ಲಿ ಕೀಲಿ ಪರೀಕ್ಷೆ ಮಾಡಲು ಹಾಕಿದ ಒಂದು ಅಂಕಿಯನ್ನು ಸಾಫ್ಟ್‌ವೇರಿನಿಂದ ತೆಗೆಯದೆ ಹಾಗೇ ಬಿಟ್ಟಿದ್ದಾರೆ, ಅಡಚಣೆ ಬಂದಾಗ ಅದನ್ನು ಒತ್ತಿರಿ. ಹೀಗೆಂದು ಅಂಕಿಯನ್ನೂ ಹೇಳಿ, ಕಡೆಗೆ "ಯಾರಿಗೂ ಹೇಳಬ್ಯಾಡ್ರಿ ಮತ್ತ" ಎಂದು ಮುಗಿಸಿದ್ದ. ನಾಲ್ಕಾರು ಜಿಲ್ಲೆಗಳ ಮಂದಿಗೆ ಏಕಕಾಲಕ್ಕೆ ಹೇಳಿ, ಯಾರಿಗೂ ಹೇಳಬೇಡಿ ಎಂದಿದ್ದ.

ನಾನು ನಂಬಲಿಲ್ಲ. ಹೊರಗೆ ಹೋಗಿ ನನ್ನ ಅಂಕಿಯನ್ನು ಬದಲಿಸಿದೆ. ಕೈ ಮುಚ್ಚಿಕೊಂಡು, ಯಾರೂ ಊಹಿಸಲಾರದಂಥದ್ದನ್ನು ಇಟ್ಟೆ. ಬಾಗಿಲು ಎಳೆದೆ. ಭಾಯಿ ಒತ್ತಿದ. ಅದೇ ಚಿಲಿಪಿಲಿ, ಅದೇ ಹೆಣ್ಣು, "ವೆಲ್‌ಕಮ್ ಹೋಮ್". ಇಷ್ಟು ದಿನ ದಣಿದು ಮನೆಗೆ ಬಂದಾಗ ಆ ದನಿ ಕೇಳಿ ಹಿತವೆನಿಸುತ್ತಿತ್ತು. ಕಳ್ಳನಿಗೂ ಅದೇ ಪ್ರೀತಿಯಿಂದ ಹೇಳುತ್ತದೆಂದು ಅಂದು ತಿಳಿಯಿತು.

"ಎದುರಿನ ಮನಿದೂ ನೋಡೂಣೇನ್ರಿ?" ಎಂದ.

"ಬ್ಯಾಡ ಭಾಯಿ. ನಮ್ಮ ಬಾಗಲಾ ನಾವು ತಗದ್ರ ಪರೀಕ್ಷಾ, ಮಂದಿ ಬಾಗಲಾ ತಗದ್ರ ಕಳವು."

"ಹಂಗಾದ್ರ ಕಾಕೂಂದು ತಗದೆ ಅಲ್ರಿ, ಅದು?"

ಕಾಕೂ ಬೇಡಿಕೊಂಡಿದ್ದರು, ಗ್ಯಾಸು ಉರಿಯುತ್ತಿತ್ತು. ಆದರೆ ಬೇಡಿಕೊಂಡದ್ದು ಬಾಗಿಲು ತೆರೆ ಎಂದು, ಎಲ್ಲರ ಬಾಗಿಲೂ ತೆರೆಯುವ ಅಂಕಿಯಿಂದ ತೆರೆ ಎಂದಲ್ಲ.

ಕಂಪನಿಗೆ ತಿಳಿಸಬೇಕು ಎಂದು ನಾನು ಹೇಳಿದೆ. ಪುಸ್ತಕದಲ್ಲಿ ಹಾಗೇ ಇದೆ: ದೋಷ ಕಂಡರೆ ಮೊದಲು ಮಾಡಿದವರಿಗೆ ಹೇಳು, ಸರಿಪಡಿಸಲು ಸಮಯ ಕೊಡು, ಆಮೇಲೆ ಲೋಕಕ್ಕೆ ಹೇಳು. ಭಾಯಿ ಹಿಂದೆ ಮುಂದೆ ನೋಡಿದ. ಗೋದಾಮಿನಲ್ಲಿ ಇನ್ನೂ ಮಾರದ ಕೀಲಿಗಳಿವೆ, ಮಾಲು ಖಾಲಿಯಾಗಲಿ, ಒಂದು ವಾರ ಸುಮ್ಮನಿರೋಣ ಎಂದ, ಅದು ಒಂದು. ಇನ್ನೊಂದು ಕಾರಣವೂ ಇತ್ತು.

"ನಾವು ಹೇಳಿದ ಕೂಡಲೇ, ನಿಮಗ ಹೇಳಿದವರು ಯಾರು ಅಂತ ಕೇಳ್ತಾರ. ಆ ಮನಷ್ಯಾನ ನೌಕರಿ ಹೊಕ್ಕೈತಿ. ಅಂವಾ ಮಂದೀಗೆ ಛಲೋ ಆಗಲಿ ಅಂತ ಹೇಳ್ಯಾನ್ರಿ."

"ಹೆಸರು ಹೇಳೂದ ಬ್ಯಾಡ. ತೂತು ಎಲ್ಲೈತಿ ಅಂತಷ್ಟ ಹೇಳೂಣು."

ಕಂಪನಿಯ ಜಾಲತಾಣವನ್ನು ತಲೆಯಿಂದ ಕಾಲಿನವರೆಗೆ ಜಾಲಾಡಿದೆ. ಕೀಲಿ ಕೊಳ್ಳಲು ಗುಂಡಿ ಇತ್ತು, ಕಂತಿನಲ್ಲಿ ಕೊಳ್ಳಲು ಗುಂಡಿ ಇತ್ತು, ಗೆಳೆಯರಿಗೆ ಶಿಫಾರಸು ಮಾಡಲು ಗುಂಡಿ ಇತ್ತು. ದೋಷ ತಿಳಿಸಲು ಮಾತ್ರ ಜಾಗವಿರಲಿಲ್ಲ. ದೋಷವೇ ಇಲ್ಲದವರಿಗೆ ಅದು ಯಾಕೆ ಬೇಕು? ಕಡೆಗೆ ಗ್ರಾಹಕ ಸೇವೆಯ ವಿಳಾಸಕ್ಕೆ ಬರೆದೆ: ನಿಮ್ಮ ಕೀಲಿಯಲ್ಲಿ ಗಂಭೀರ ದೋಷವಿದೆ, ವಿವರ ಇಲ್ಲಿ ಬರೆಯಲಾರೆ, ಭದ್ರತೆ ನೋಡಿಕೊಳ್ಳುವ ಎಂಜಿನಿಯರ್ ಜೊತೆ ಮಾತಾಡಿಸಿ. ಕ್ಷಣದಲ್ಲೇ ಉತ್ತರ ಬಂತು. ಬ್ಯಾಟರಿ ತೆಗೆದು ಮತ್ತೆ ಹಾಕಿ ನೋಡಿ, ಸಮಸ್ಯೆ ಬಗೆಹರಿದಿದ್ದರೆ ಐದು ನಕ್ಷತ್ರ ಕೊಡಿ.

ಮತ್ತೆ ಬರೆದೆ. ಮತ್ತೆ ಬ್ಯಾಟರಿ. ಮೂರನೆಯ ಸಲ ಸ್ವಲ್ಪ ಖಾರವಾಗಿ, ನಿಮ್ಮ ಕೀಲಿಯನ್ನು ಯಾರು ಬೇಕಾದರೂ ತೆರೆಯಬಹುದು ಎಂದು ಬರೆದೆ. ಆಗ ಫೋನು ಬಂತು. ಬೆಂಗಳೂರಿನ ನಯವಾದ ದನಿ. ಗ್ರಾಹಕರ ಆನಂದ ವಿಭಾಗದ ಮುಖ್ಯಸ್ಥ ಎಂದು ಪರಿಚಯ ಹೇಳಿಕೊಂಡರು. ಆ ಹೆಸರಿನ ವಿಭಾಗವೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ನಾನೂ ಭಾಯಿಯೂ ಅವರನ್ನು ಆನಂದಾಧಿಕಾರಿ ಎಂದೇ ಕರೆದೆವು.

"ನಿಮ್ಮ ಕಾಳಜಿ ನಮಗೆ ತುಂಬಾ ಇಷ್ಟವಾಯ್ತು ಮೇಡಂ. ಈ ಮಾಹಿತಿ ನಿಮಗೆ ಯಾರು ಕೊಟ್ಟರು?"

"ಯಾರು ಕೊಟ್ಟರು ಅನ್ನೂದು ಬಿಡ್ರಿ. ಏನೈತಿ ಅಂತ ಕೇಳ್ರಿ."

"ಖಂಡಿತಾ ಮೇಡಂ, ಅದಕ್ಕೇ ಕೇಳ್ತಿದೀನಿ. ನಮ್ಮ ಒಳಗಿನವರಾ, ಹೊರಗಿನವರಾ?"

ಬಾಗಿಲು ತೆರೆದಿದೆ ಎಂದು ಹೇಳಿದರೆ, ತೆರೆದಿದ್ದನ್ನು ನೋಡಿದವರು ಯಾರು ಎಂದು ಕೇಳುವ ಕಾವಲುಗಾರ. ನಾನು ಹೇಳಲಿಲ್ಲ. ಅವರು ದೋಷವೇನೆಂದು ಒಮ್ಮೆಯೂ ಕೇಳದೆ ಫೋನಿಟ್ಟರು.

ನಾಲ್ಕು ದಿನ ಕಳೆದು ವಕೀಲರ ಕಡೆಯಿಂದ ಮೇಲ್ ಬಂತು. ಕಂಪನಿಯ ಗೋಪ್ಯ ಮಾಹಿತಿಯನ್ನು ನಾನು ಅನಧಿಕೃತವಾಗಿ ಇಟ್ಟುಕೊಂಡಿದ್ದೇನಂತೆ. ಅದನ್ನು ಕೂಡಲೇ ಹಿಂದಿರುಗಿಸಿ, ನನ್ನ ಬಳಿ ಪ್ರತಿ ಉಳಿದಿಲ್ಲವೆಂದು ದೃಢೀಕರಿಸತಕ್ಕದ್ದು. ನಾನದನ್ನು ಭಾಯಿಗೆ ಓದಿ ಹೇಳಿದೆ.

"ನಂಬರ್ ವಾಪಸ್ ಕೊಡಬೇಕಂತ?" ಎಂದ. "ಕೊರಿಯರ್ ಮಾಡೂಣೇನ್ರಿ?"

ನಕ್ಕೆವು. ಆದರೆ ಕಾಲೇಜಿನಲ್ಲಿ ಪಾಠ ಮಾಡುವಾಗ ಆ ಮೇಲ್‌ನ ವಾಕ್ಯಗಳು ತಲೆಯಲ್ಲಿ ಓಡುತ್ತಿದ್ದವು. ಪ್ರಾಚಾರ್ಯರ ಕೋಣೆಯಿಂದ ಕರೆ ಬಂದಾಗಲೆಲ್ಲ ಆ ಮೇಲ್ ಅವರಿಗೂ ತಲುಪಿತೆಂದೇ ಎಣಿಸುತ್ತಿದ್ದೆ.

ಆ ಸಿಟ್ಟಿನಲ್ಲೇ ನನಗೊಂದು ಯೋಚನೆ ಹೊಳೆಯಿತು. ಇವರಿಗೆ ಪುಕ್ಕಟೆ ಯಾಕೆ ಹೇಳಬೇಕು? ಷರತ್ತು ಹಾಕೋಣ. ಎಲ್ಲ ಗ್ರಾಹಕರಿಗೂ ಈ ದೋಷದ ಬಗ್ಗೆ ತಿಳಿಸುತ್ತೇವೆಂದು ಬರೆದುಕೊಟ್ಟರೆ ಮಾತ್ರ ವಿವರ ಕೊಡುವುದು. ಇಲ್ಲದಿದ್ದರೆ ಇವರು ಸದ್ದಿಲ್ಲದೆ ತೇಪೆ ಹಚ್ಚಿ, ಏನೂ ಆಗೇ ಇಲ್ಲವೆಂದು ಕೂರುತ್ತಾರೆ. ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಗತ್ತು ಬಂದಿತ್ತು ಎಂದು ಕಾಣುತ್ತದೆ. ಇಷ್ಟು ದೊಡ್ಡ ಕಂಪನಿ ಗಬ್ಬೂರಿನ ಒಬ್ಬ ಮೇಷ್ಟ್ರಮ್ಮನ ಮಾತಿಗೆ ಕಾಯಬೇಕು!

"ನನ್ನದೂ ಒಂದು ಷರತ್ತು ಸೇರಿಸ್ರಿ" ಎಂದ ಭಾಯಿ. "ಆ ಮನಷ್ಯಾನ ತಂಟೇಕ ಹೋಗಬಾರದು."

"ಎರಡೂ ಹಾಕೂಣು. ಒಪ್ಪೂ ತನಕಾ ಬಾಯಿ ಬಿಡೂದು ಬ್ಯಾಡ."

"ಅವರು ಒಪ್ಪಲಿಲ್ಲಂದ್ರ?"

"ಒಪ್ತಾರ."

"ಅಲ್ಲೀತನಕ ಬಾಗಲಾ ಯಾರವು ತೆರಕೊಂಡಿರ್ತಾವ್ರಿ? ಕಂಪನೀವ?"

ನನಗೆ ರೇಗಿತು. "ಗೋದಾಮಿನ್ಯಾಗಿನ ಮಾಲು ಖಾಲಿ ಆಗಲಿ ಅಂತ ಮೊದಲ ವಾರ ಸುಮ್ಮನ ಇರೂಣು ಅಂದಾಂವಾ ನೀನು" ಎಂದೆ. ಅವನೂ ಬಿಡಲಿಲ್ಲ. "ಹೌದ್ರಿ, ಅಂದೆ. ನಾ ಹೊಟ್ಟಿ ಸಂಬಂಧ ಅಂದೆ, ನೀವು ಮಾನಾ ಸಂಬಂಧ ಅನ್ನಾಕತ್ತೀರಿ. ಕಳ್ಳಗ ಎರಡೂ ಒಂದ." ಹಾಗೆಂದು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಎರಡು ದಿನ ಮಾತಿರಲಿಲ್ಲ. ಷರತ್ತು ಹಾಕುವುದು ತಪ್ಪು ಎಂದು ನನಗೆ ಇಂದಿಗೂ ಪೂರ್ತಿ ಅನಿಸಿಲ್ಲ. ಷರತ್ತಿಲ್ಲದೆ ಕೊಟ್ಟ ಸತ್ಯವನ್ನು ಕಂಪನಿಗಳು ಏನು ಮಾಡುತ್ತವೆಂದು ಮುಂದೆ ಕಣ್ಣಾರೆ ಕಂಡೆ. ಆದರೆ ಚೌಕಾಸಿ ಮಾಡಲು ನನ್ನ ಕೈಯಲ್ಲಿದ್ದ ಸಾಮಾನು ನನ್ನದಾಗಿರಲಿಲ್ಲ, ಕಾಕೂ ಅವರ ನೆಮ್ಮದಿ ಅದು. ಕಡೆಗೆ ಎಲ್ಲ ವಿವರವನ್ನೂ ಬರೆದು ಕಳಿಸಿದೆ. ಯಾರಿಂದ ತಿಳಿಯಿತು ಎಂಬುದನ್ನು ಮಾತ್ರ ಹೇಳಲಾರೆ, ಗ್ರಾಹಕರಿಗೆ ತಿಳಿಸುವುದು ನಿಮ್ಮ ಧರ್ಮ ಎಂದು ಸೇರಿಸಿದೆ. ಧರ್ಮ ಎಂಬ ಶಬ್ದ ಅವರಿಗೆ ನಗು ತರಿಸಿರಬೇಕು.

ಮುಂದಿನ ವಾರ ಆನಂದಾಧಿಕಾರಿ ಖುದ್ದು ಹುಬ್ಬಳ್ಳಿಗೆ ಬಂದರು. ಸ್ಟೇಶನ್ ರೋಡಿನ ಹೋಟೆಲಿನಲ್ಲಿ ಭೇಟಿ. ಮಧ್ಯಾಹ್ನದ ಗದ್ದಲ. ಭಾಯಿಯನ್ನೂ ಕರೆದುಕೊಂಡು ಹೋಗಿದ್ದೆ. ಕಂಪನಿಯ ಏಜೆಂಟನಾಗಿ ಅವನು ಬಂದದ್ದು ಅವರಿಗೆ ವಿಚಿತ್ರವೆನಿಸಲಿಲ್ಲ. ನಗುಮುಖ, ಇಸ್ತ್ರಿಯ ಅಂಗಿ, ಕೈಯಲ್ಲಿ ಒಂದು ಸೂಟ್‌ಕೇಸು. ಗಿರ್ಮಿಟ್ ತರಿಸಿ, ಚಮಚ ಕೇಳಿ, "ನಿಮ್ಮೂರಿನ ತಿಂಡಿ ಸೂಪರ್" ಎಂದು ಹೊಗಳಿ, ಆಮೇಲೆ ವಿಷಯಕ್ಕೆ ಬಂದರು.

"ನೋಡಿ ಮೇಡಂ, ನೀವು ಹೇಳ್ತಿರೋದು ದೋಷ ಅಲ್ಲ. ಅದೊಂದು ಸೌಲಭ್ಯ. ತುರ್ತು ಸೇವಾ ಸೌಲಭ್ಯ."

"ಸೌಲಭ್ಯ ಆದ್ರ ಡಬ್ಬಿ ಮ್ಯಾಲೆ ಯಾಕ ಬರದಿಲ್ರಿ?"

"ಎಲ್ಲ ಸೌಲಭ್ಯನೂ ಬರೆಯೋಕೆ ಜಾಗ ಇರಲ್ಲ. ಅಷ್ಟಕ್ಕೂ ಅದು ಹಳೇ ಮಾದರಿಯಲ್ಲಿತ್ತು. ಹೊಸದರಲ್ಲಿ ತೆಗೆದಿದೀವಿ." ಹೆಮ್ಮೆಯಿಂದ ಸೂಟ್‌ಕೇಸು ತೆರೆದರು. ಒಳಗೆ ಒಂದು ಹಲಗೆಗೆ ಕೂಡಿಸಿದ ಹೊಳೆಯುವ ಕೀಲಿ. ಗಿರಾಕಿಗಳಿಗೆ ತೋರಿಸಲು ಒಯ್ಯುವಂಥದ್ದು. ಮುಖ ಆ ಕಡೆ ತಿರುಗಿಸಿ ಅಂಕಿ ಹಾಕಿ, ಕೊಂಡಿ ಬೀಳಿಸಿದರು. "ಈಗ ಹೇಳಿ."

ಭಾಯಿ ಕೈ ಒರೆಸಿಕೊಂಡ. ಗಿರ್ಮಿಟ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ನಿಧಾನವಾಗಿ ಒತ್ತಿದ. "ವೆಲ್‌ಕಮ್ ಹೋಮ್" ಎಂದಿತು ಮೇಜು. ಮಿರ್ಚಿ ಭಜಿ ತಂದಿದ್ದ ಸಪ್ಲಾಯರು ಬೆಚ್ಚಿ, "ಯಾರ್ರಿ ಅದು?" ಎಂದು ಮೇಜಿನ ಕೆಳಗೆ ಬಗ್ಗಿ ನೋಡಿದ.

ಆನಂದಾಧಿಕಾರಿ ಹಲಗೆಯನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ, "ಇದು ಡೆಮೊ ಪೀಸ್" ಎಂದರು.

"ಡೆಮೊದಾಗ ಹಿಂಗಾದ್ರ ಖರೇದ್ರಾಗ ಹೆಂಗ್ರಿ?" ಎಂದ ಭಾಯಿ, ಬಹಳ ವಿನಯದಿಂದ.

ಅದಾದ ಮೇಲೆ ಕಾಗದಗಳು ಹೊರಗೆ ಬಂದವು. ನನ್ನನ್ನು ಕಂಪನಿಯ ಭದ್ರತಾ ರಾಯಭಾರಿ ಮಾಡುತ್ತಾರಂತೆ. ನನ್ನ ಫೋಟೋ ಜಾಲತಾಣದಲ್ಲಿ ಬರುತ್ತದೆ. ಮನೆಗೆ ಹೊಸ ಮಾದರಿಯ ಕೀಲಿ, ಜೀವನಪರ್ಯಂತ ಉಚಿತ ಸೇವೆ. ಪ್ರತಿಯಾಗಿ ಈ ವಿಷಯವನ್ನು ಯಾರ ಮುಂದೆಯೂ ಎಂದೂ ಎತ್ತುವುದಿಲ್ಲ, ಮತ್ತು ಮಾಹಿತಿಯ ಮೂಲವನ್ನು ತಿಳಿಸುತ್ತೇನೆ ಎಂದು ಸಹಿ ಹಾಕಬೇಕು. ಬಾಯಿ ಮುಚ್ಚಬೇಕು, ಒಬ್ಬನ ವಿಷಯದಲ್ಲಿ ಮಾತ್ರ ತೆರೆಯಬೇಕು.

"ಗ್ರಾಹಕರಿಗೆ ಯಾವಾಗ ಹೇಳ್ತೀರಿ?" ಎಂದೆ.

"ಹೇಳಿದ್ರೆ ಜನ ಸುಮ್ಮನೆ ಗಾಬರಿ ಆಗ್ತಾರೆ ಮೇಡಂ."

"ಗಾಬರಿ ಆಗೂ ಮಾತಿಗೆ ಗಾಬರಿ ಆಗ್ಲಿ ಬಿಡ್ರಿ. ಅವರ ಮನಿ, ಅವರ ಗಾಬರಿ."

ಸಹಿ ಹಾಕಲಿಲ್ಲ. ತನ್ನ ಮುಂದಿಟ್ಟ ಅಂಥದೇ ಕಾಗದಕ್ಕೆ ಭಾಯಿಯೂ ಹಾಕಲಿಲ್ಲ. ಏಜೆನ್ಸಿ ಹೋದರೆ ಹೋಗಲಿ ಎಂದ. ಹುಬ್ಬಳ್ಳಿಯಲ್ಲಿ ಆ ಕಂಪನಿಗೆ ಬೇರೆ ಯಾರೂ ಸಿಗುವುದಿಲ್ಲ ಎಂಬ ಲೆಕ್ಕ ಅವನ ಒಳಗಿತ್ತು, ಅದು ಸರಿಯಾದ ಲೆಕ್ಕವೇ ಆಗಿತ್ತು. ಆನಂದಾಧಿಕಾರಿ ಭಜಿಯನ್ನು ಮುಟ್ಟದೆ ಸೂಟ್‌ಕೇಸು ಮುಚ್ಚಿಕೊಂಡು ಹೋದರು.

ಇನ್ನು ಉಳಿದದ್ದು ನಮ್ಮ ಮಂದಿಗೆ ಹೇಳುವುದು. ಅಂಕಿಯನ್ನು ಹೇಳುವುದು ಬೇಡ, ಅಂಥದೊಂದು ಅಂಕಿ ಇದೆ, ಹೊರಗೆ ತಿರುಗಾಡುತ್ತಿದೆ ಎಂದಷ್ಟೇ ಹೇಳುವುದೆಂದು ನಿರ್ಧರಿಸಿ, ಅಧ್ಯಕ್ಷರ ಕಡೆಯಿಂದ ಭಾನುವಾರ ಬೆಳಿಗ್ಗೆ ಸಭೆ ಕರೆಸಿದೆ. ಮೊದಲೇ ಅವರಿಗೆ ವಿಷಯ ತಿಳಿಸಿದ್ದೆ. ತಿಳಿಸಿದ್ದೇ ತಪ್ಪಾಯಿತು. ಪ್ಲಾಸ್ಟಿಕ್ ಕುರ್ಚಿಗಳು ತುಂಬುತ್ತಿದ್ದಂತೆ ಅವರೇ ಎದ್ದು ನಿಂತರು.

"ಮೇಡಂ ಅವರು ಏನೋ ತಾಂತ್ರಿಕ ವಿಷಯ ಹೇಳಬೇಕಂತಾರ. ಆದ್ರ ಇದು ಹೊರಗ ಹೋದ್ರ ನಮ್ಮ ಫ್ಲ್ಯಾಟಿನ ರೇಟ್ ಬೀಳ್ತದ. ಕಳ್ಳರಿಗೂ ಗೊತ್ತಾಗ್ತದ. ಅದಕ್ಕ ಈ ವಿಷಯ ಇಲ್ಲಿಗೇ ಬಿಡೋಣ."

"ಸಾಹೇಬ್ರ, ಕಳ್ಳರಿಗೆ ಗೊತ್ತಾಗಿ ಎಷ್ಟ ದಿನಾ ಆತೋ. ಗೊತ್ತಿಲ್ಲದವರು ನಾವಷ್ಟ" ಎಂದೆ.

"ಏನು ಗೊತ್ತಾಗೂದು? ಏನು ವಿಷಯ?" ಎಂದು ಹಿಂದಿನ ಸಾಲಿನವರು ಕೇಳತೊಡಗಿದರು.

"ಏನೂ ಇಲ್ಲ, ಏನೂ ಇಲ್ಲ" ಎಂದರು ಅಧ್ಯಕ್ಷರು.

ಆಗ ಕಾಕೂ ಎದ್ದರು. ಸಭೆಗಳಲ್ಲಿ ಅವರು ಚಹಾ ಹಂಚುವುದಷ್ಟೇ, ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ಅಲ್ಲ, ಅವತ್ತ ಆ ಹುಡುಗ ನಮ್ಮ ಬಾಗಲಾ ತಗದನಲ್ಲ, ಇವರ ನಂಬರ್ ಅವಗ ಗೊತ್ತಿತ್ತೇನು? ನಾ ಹೆಂಡತಿ, ನನಗ ಗೊತ್ತಿಲ್ಲ. ಹಂಗಾರ ಅಂವಾ ಹೆಂಗ ತಗದ?"

ಅಷ್ಟೇ. ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ಅಧ್ಯಕ್ಷರು ವಂದನಾರ್ಪಣೆ ಮಾಡಿ ಸಭೆ ಮುಗಿಸಿಬಿಟ್ಟರು.

ಸೋಮವಾರ ಕಾಕೂ ಆಟೋ ಹಿಡಿದು ಪೇಟೆಗೆ ಹೋಗಿ ಒಂದು ಜಬರ್ದಸ್ತ್ ಕಬ್ಬಿಣದ ಕೀಲಿ ತಂದರು. ಭಾಯಿಯನ್ನು ಕರೆಸಿ ಬಾಗಿಲಿಗೆ ಕೊಂಡಿ ಹೊಡೆಸಿದರು. ಸೇನಾ ದರ್ಜೆಯ ಭದ್ರತೆಯ ಪಕ್ಕದಲ್ಲೇ ಅದು ಜೋತುಬಿದ್ದಿತು. ಚಾವಿ ಅವರ ಸೊಂಟದಲ್ಲಿ. ಗಂಡನಿಗೆ ಒಂದು ಕೊಡಿ ಎಂದರೆ, "ಗಂಡಸರ ಕಿಸೇದಾಗ ಚಾವಿ ನಿಲ್ಲೂದಿಲ್ಲ" ಎಂದರಂತೆ.

ಆ ವಾರವೆಲ್ಲ ಮೆಟ್ಟಿಲು ಹತ್ತಿ ಇಳಿಯುವಾಗ ನಾನು ನೋಡುತ್ತಿದ್ದೆ. ಒಂದೊಂದೇ ಬಾಗಿಲಿಗೆ ಹಳೆಯ ಕೀಲಿ ಬರತೊಡಗಿತು. ಭಯವೆಂದು ಯಾರೂ ಒಪ್ಪಲಿಲ್ಲ. ಒಬ್ಬರಿಗೆ ವಾಸ್ತುವಿನವರು ಹೇಳಿದ್ದರು, ಬಾಗಿಲಲ್ಲಿ ಕಬ್ಬಿಣ ಇರಬೇಕು. ಒಬ್ಬರಿಗೆ ಮೊಮ್ಮಗು ಗುಂಡಿ ಒತ್ತಿ ಆಡುತ್ತದೆ. ಮೇಲಿನ ಮಹಡಿಯ ಬ್ಯಾಂಕಿನವರು, "ಅಲಂಕಾರಕ್ಕ ಇರ್ಲಿ ಅಂತ" ಎಂದರು. ಯಾರೂ ಏನನ್ನೂ ಬಹಿರಂಗಪಡಿಸಲಿಲ್ಲ, ಎಲ್ಲರಿಗೂ ಗೊತ್ತಾಯಿತು. ಭಾಯಿಯ ಅಂಗಡಿಯಲ್ಲಿ ಕಬ್ಬಿಣದ ಕೀಲಿಗಳು ಮುಗಿದುಹೋದವು. ಮುಖದಲ್ಲಿ ನಾಚಿಕೆ ಇತ್ತು, ವ್ಯಾಪಾರ ಮಾತ್ರ ನಿಲ್ಲಿಸಲಿಲ್ಲ.

ಅಧ್ಯಕ್ಷರು ಒಂದು ಸಂಜೆ ನನ್ನ ಮನೆಗೆ ಬಂದರು. ಅತ್ತಿತ್ತ ನೋಡಿ ದನಿ ಇಳಿಸಿದರು. "ಮೇಡಂ, ಆ ನಂಬರ್ ನನಗೊಂದು ಹೇಳಿಟ್ಟಿರ್ರಿ. ಅಡಚಣಿಗೆ ಬೇಕಾಗ್ತದ. ಅಧ್ಯಕ್ಷ ಅಂದ ಮ್ಯಾಲೆ ಒಂದು ಜವಾಬ್ದಾರಿ ಇರ್ತದಲ್ಲ."

ಕಂಪನಿ ಮುಚ್ಚಿಡಬೇಕೆನ್ನುತ್ತಿದ್ದದ್ದೂ ಜವಾಬ್ದಾರಿಯಿಂದಲೇ. ಹೇಳುವುದಿಲ್ಲವೆಂದೆ. ಅವರು ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ನೀರಿನ ಟ್ಯಾಂಕರಿನ ಸರದಿಯಲ್ಲಿ ನನ್ನ ಮಹಡಿ ಯಾವಾಗಲೂ ಕೊನೆಗೆ ಬರುವಂತಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಕಂಪನಿಯಿಂದ ಎಲ್ಲರ ಫೋನಿಗೂ ಸಂದೇಶ ಬಂತು. ನಿಮ್ಮ ಅನುಭವವನ್ನು ಇನ್ನಷ್ಟು ಸುಂದರಗೊಳಿಸಲು ಕೀಲಿಯ ಸಾಫ್ಟ್‌ವೇರನ್ನು ನವೀಕರಿಸಿದ್ದೇವೆ, ಇನ್ನು ಮುಂದೆ ಗುಂಡಿಗಳು ನೀಲಿ ಬೆಳಕಿನಲ್ಲಿ ಹೊಳೆಯುತ್ತವೆ. ನಾನು ಹೊರಗೆ ಹೋಗಿ ಆ ಅಂಕಿ ಒತ್ತಿದೆ. ಕೀಲಿ ತೆರೆಯಲಿಲ್ಲ, ಮೂಗುಮುರಿದಂತೆ ಒಂದು ಸದ್ದು ಮಾಡಿತು. ನೀಲಿ ಬೆಳಕು ನಿಜಕ್ಕೂ ಚೆನ್ನಾಗಿತ್ತು. ತೂತು ಇತ್ತೆಂದಾಗಲಿ, ಮುಚ್ಚಿದೆವೆಂದಾಗಲಿ, ಇಷ್ಟು ಕಾಲ ನಿಮ್ಮ ಮನೆ ತೆರೆದಿತ್ತೆಂದಾಗಲಿ ಒಂದು ಅಕ್ಷರವಿಲ್ಲ. ಅಧ್ಯಕ್ಷರು ಆ ಸಂದೇಶವನ್ನು ಅಪಾರ್ಟ್‌ಮೆಂಟಿನ ಗುಂಪಿಗೆ ಹಾಕಿ, ಕೈಮುಗಿದ ಚಿತ್ರ ಇಟ್ಟರು.

ನಾನು ಗೆದ್ದೆನೆಂದುಕೊಂಡೆ. ಅದೇ ವಾರ ಭಾಯಿ ಒಬ್ಬರನ್ನು ಮನೆಗೆ ಕರೆತಂದ. ನಡುವಯಸ್ಸು, ತೆಳ್ಳನೆಯ ಮೈ, ಗದಗಿನ ಕಡೆಯವರು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು "ನಮಸ್ಕಾರ್ರಿ ಮೇಡಂರ" ಎಂದಕೂಡಲೇ ನನಗೆ ತಿಳಿಯಿತು. ವಾಯ್ಸ್ ಮೆಸೇಜಿನ ಆ ದನಿಯನ್ನು ಅಷ್ಟು ಸಲ ಕೇಳಿದ್ದೆ.

ಕಂಪನಿ ಸರ್ವಿಸ್ ನೌಕರರನ್ನೆಲ್ಲ ಒಂದು ಕೋಣೆಯಲ್ಲಿ ಕೂಡಿಸಿ, ವಾಯ್ಸ್ ಮೆಸೇಜ್ ಹಾಕಿ ಕೇಳಿಸಿತಂತೆ. ಗುಂಪಿನಲ್ಲಿದ್ದ ಯಾರೋ ಅದನ್ನು ಮುಟ್ಟಿಸಿದ್ದರು. ಇದು ಯಾರ ದನಿ ಎಂದು ಕೇಳಿದಾಗ ಯಾರೂ ಬಾಯಿಬಿಡಲಿಲ್ಲ. ಇವರೇ ಎದ್ದು, ನನ್ನದು ಎಂದರು. ಕಂಪನಿಯ ಹೆಸರಿಗೆ ಧಕ್ಕೆ ತಂದರೆಂದು ಅಂದೇ ತೆಗೆದುಹಾಕಿದರು.

"ನಾ ಮೊದಲ ಕಂಪನೀಗೇ ಹೇಳಿದ್ದೆರಿ. ಒಂದ ಸಲ ಅಲ್ಲ. ಇದನ್ನ ತಗೀರಿ, ಇಲ್ಲಾ ಅಂದ್ರ ಮಂದೀಗೆ ತಿಳಸ್ರಿ ಅಂದೆ. ನೋಡೂಣಂತ ಅಂದ್ರು. ಕಡೀಕ ಬ್ಯಾಸತ್ತು, ಇರೂದಂತೂ ಐತಿ, ಯಾರಿಗಾರ ಉಪಯೋಗ ಆಗಲಿ ಅಂತ ಗುಂಪಿಗೆ ಹಾಕಿದೆ. ಅದು ತಪ್ಪ ಅಂತ ಈಗ ಅನಸ್ತೈತ್ರಿ. ಆದ್ರ ಹಾಕದಿದ್ರ ಅವರು ಇನ್ನೂ ಮುಚ್ಚತಿರಲಿಲ್ಲ."

ಹುಡುಕಾಟ ಶುರುವಾದದ್ದು ನನ್ನ ಮೇಲ್‌ನಿಂದಲೇ ಎಂದು ನಾನು ಹೇಳಿದೆ. ಹೇಳದಿರಲು ಆಗಲಿಲ್ಲ.

"ಗೊತ್ತೈತ್ರಿ" ಎಂದರು. ಬೈಯಲಿಲ್ಲ, ಕ್ಷಮಿಸಿದೆನೆಂದೂ ಹೇಳಲಿಲ್ಲ. "ಬ್ಯಾರೆ ಕಂಪನ್ಯಾಗ ಕೆಲಸಾ ಕೇಳಾಕ ಹ್ವಾದೆ. ಯಾಕ ಬಿಟ್ರಿ ಅಂದ್ರು. ತಪ್ಪ ಐತಿ ಅಂತ ತೋರಿಸಿದ್ದಕ್ಕ ತಗದ್ರು ಅಂದೆ. ತಿಳಸ್ತೇವಿ ಅಂದವರು ಇನ್ನೂ ತಿಳಸಾಕತ್ತಾರ. ಕಳವು ಮಾಡಿದ್ದೆ ಅಂದಿದ್ರ, ಸುಧಾರ್ಸ್ಯಾನ ಅಂತ ತಗೋತಿದ್ರೇನೋ" ಎಂದರು. ಭಾಯಿ ನಕ್ಕ, ಆಮೇಲೆ ನಿಲ್ಲಿಸಿದ.

ಈಗ ಅವರು ಭಾಯಿಯ ಜೊತೆಗೇ ಇದ್ದಾರೆ. ತಾರಿಹಾಳದ ಕಾರ್ಖಾನೆಗಳ ಗೇಟು, ಶಟರು, ಕ್ಯಾಮರಾ, ಎಲ್ಲ ನೋಡಿಕೊಳ್ಳುತ್ತಾರೆ. ಕಂಪನಿಯ ಏಜೆನ್ಸಿ ಇನ್ನೂ ಭಾಯಿಯ ಬಳಿಯೇ ಇರುವುದರಿಂದ, ಗ್ರಾಹಕರು ಸಹಾಯವಾಣಿಗೆ ಫೋನು ಮಾಡಿದರೆ ಅದು ಸುತ್ತಿ ಬಳಸಿ ಇವರ ಅಂಗಡಿಗೇ ಬರುತ್ತದೆ. ತಮ್ಮನ್ನು ತೆಗೆದುಹಾಕಿದ ಕಂಪನಿಯ ಕೀಲಿಗಳನ್ನು ಬಿಚ್ಚಲು ಅವರೇ ಹೋಗುತ್ತಾರೆ, ಡ್ರಿಲ್ ಹಿಡಿದುಕೊಂಡು. ಮೊದಲಿನ ಹಾಗೆ ಕ್ಷಣದಲ್ಲಿ ಆಗುವುದಿಲ್ಲ, ಹೊತ್ತು ಹಿಡಿಯುತ್ತದೆ.

ಮೊನ್ನೆ ಒಬ್ಬ ಯಜಮಾನರು ಹೊರಗೆ ಸಿಕ್ಕಿಬಿದ್ದು, ಬಿಸಿಲಲ್ಲಿ ಬೆವರುತ್ತ ಇವರ ಮೇಲೆ ರೇಗಿದರಂತೆ.

"ಎಷ್ಟೊತ್ತು ಕೊರೀತೀಯೋ ಮಾರಾಯಾ? ಯಾವುದೋ ಒಂದು ನಂಬರ್ ಇತ್ತಂತಲ್ಲ, ಒತ್ತಿದ್ರ ಲಗೂನ ತಗೀತಿತ್ತಂತ. ಅದನ್ನ ಒತ್ತಬಾರದೇನು?"

"ಅದನ್ನ ತಗದಾರ್ರಿ."

"ಯಾವ ಮೂರ್ಖ ತಗಸಿದಾಂವಾ?"

ಇವರು ಡ್ರಿಲ್ ನಿಲ್ಲಿಸದೆ, "ನಾ ಅಲ್ರಿ" ಎಂದು ಹೇಳಿ ಕೆಲಸ ಮುಗಿಸಿ ಬಂದರಂತೆ.